ಬಾಯಿ ಬಿಡದ ಮಗು ದಡ್ಡ ಮಗುವಲ್ಲ

ತರಗತಿಯಲ್ಲಿ ಮಾತಾಡದ ಮಕ್ಕಳ ಬಗ್ಗೆ ಶಾಲೆಯಲ್ಲೂ ಮನೆಯಲ್ಲೂ ಕೆಲವು ತೀರ್ಮಾನಗಳು ಬೇರೂರಿಬಿಟ್ಟಿವೆ. ಗುಬ್ಬಿ ತಾಲ್ಲೂಕಿನ ಚೇಳೂರನ್ನು ಎದುರಿಗಿಟ್ಟುಕೊಂಡು ಅವುಗಳಲ್ಲಿ ಎಷ್ಟು ಹುರುಳಿದೆ ನೋಡೋಣ.

ತಪ್ಪು ಕಲ್ಪನೆ: ಹಳ್ಳಿ ಮಕ್ಕಳಿಗೆ ಸಂಕೋಚ ಜಾಸ್ತಿ, ಚರ್ಚೆ ಅವರಿಂದಾಗದು.

ಸತ್ಯ: ಚೇಳೂರಿನ ಹಲಸಿನ ಮಾರುಕಟ್ಟೆ ಹೆಸರುವಾಸಿ. ಅಪ್ಪನ ಜೊತೆ ಹಣ್ಣು ತಂದ ಹುಡುಗನಿಗೆ ಯಾವ ಕಾಯಿ ಬಲಿತಿದೆ, ಯಾವುದಕ್ಕೆ ಎಷ್ಟು ಕೇಳಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಹುಡುಗ ‘ಕಾಯಜ ಸಂತಾನೋತ್ಪತ್ತಿ ಎಂದರೇನು?’ ಎಂದು ಮೇಷ್ಟರು ಕೇಳಿದ ಕೂಡಲೇ ತಲೆ ತಗ್ಗಿಸುತ್ತಾನೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ಅದೂ ಪುಸ್ತಕದಲ್ಲಿ. ತಪ್ಪಿದರೆ ಇಡೀ ತರಗತಿ ನಗುತ್ತದೆ. ಹಾಗಿರುವಾಗ ಸುಮ್ಮನಿರುವುದೇ ಜಾಣತನ!

ಪ್ರಶ್ನೆಯನ್ನೇ ಬದಲಾಯಿಸಿ. ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ತೋಟದ ‘ಸಿದ್ದು’ ಹಲಸು ತಾಮ್ರಗೆಂಪು ತೊಳೆಗೆ ಪ್ರಸಿದ್ಧ. 2017ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರ ಸಸಿಗಳನ್ನು ಬೆಳೆಸಿ ಹಂಚಲು ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ‘ಸಿದ್ದು ಹಣ್ಣಿನ ಬೀಜ ಊರಿದರೆ ಸಿದ್ದು ಹಣ್ಣೇ ಬಿಡುತ್ತದಾ? ಹಾಗಾದರೆ ಕಸಿ ಯಾಕೆ ಕಟ್ಟುತ್ತಾರೆ?’ ಎಂದು ಕೇಳಿ ನೋಡಿ. ಬಿಡುತ್ತದೆ ಅನ್ನುವವರು ಒಂದು ಕಡೆ, ಇಲ್ಲ ಅನ್ನುವವರು ಇನ್ನೊಂದು ಕಡೆ. ಅಜ್ಜಿ ಬೀಜ ಹಾಕಿದ ಮರದಲ್ಲಿ ಬೇರೆ ರುಚಿಯ ತೊಳೆ ಬಂದದ್ದನ್ನು ಕಂಡ ಮಗು ಸುಮ್ಮನೆ ಕೂರಲಾರದು. ಹಲಸು ಪರಕೀಯ ಪರಾಗಸ್ಪರ್ಶದ ಮರವಾದ್ದರಿಂದ ಬೀಜದ ಗಿಡ ತಾಯಿಮರದಂತೆಯೇ ಇರಬೇಕೆಂದಿಲ್ಲ. ಈ ಮಾತನ್ನೂ, ಬೀಜದ ಬದಲು ಗಿಡದ ಭಾಗದಿಂದಲೇ ಹೊಸ ಗಿಡ ಪಡೆಯುವ ಕಸಿ ಕಾಯಜ ಸಂತಾನೋತ್ಪತ್ತಿಯ ಒಂದು ಬಗೆ ಎಂಬುದನ್ನೂ ಮೇಷ್ಟರು ಕೊನೆಗೆ ಹೇಳಿದರೆ ಸಾಕು. ಅಷ್ಟು ಹೊತ್ತಿಗೆ ಪಾಠದ ಮುಕ್ಕಾಲು ಭಾಗವನ್ನು ಮಕ್ಕಳೇ ಮುಗಿಸಿರುತ್ತಾರೆ.

ತಪ್ಪು ಕಲ್ಪನೆ: ಗೊತ್ತಿದ್ದವರು ಥಟ್ಟನೆ ಕೈ ಎತ್ತುತ್ತಾರೆ, ಎತ್ತದವರಿಗೆ ಗೊತ್ತಿಲ್ಲ.

ಸತ್ಯ: ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುತ್ತಿದ್ದುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ‘ನಿಧಾನ’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಏನು ಮಹಾ ಅನ್ನಿಸಬಹುದು. ನಲವತ್ತು ಮಕ್ಕಳ ಎದುರು ಬಾಯಿ ಮುಚ್ಚಿ ನಿಂತವರಿಗೇ ಗೊತ್ತು ಅದು ಎಷ್ಟು ದೀರ್ಘವೆಂದು. ಮೊದಲ ಬೆಂಚಿನ ಅದೇ ಮೂರು ಕೈಗಳಿಗೆ ಮಣಿಯದೆ ಕಾಯಬೇಕು. ಅಥವಾ ‘ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿಕೊಂಡು ಆಮೇಲೆ ಹೇಳಿ’ ಅನ್ನಬೇಕು. ಗೆಳತಿಯ ಹತ್ತಿರ ಒಮ್ಮೆ ಹೇಳಿ ನೋಡಿದ ಮಾತನ್ನು ಎಲ್ಲರೆದುರು ಹೇಳಲು ಭಯ ಕಡಿಮೆ.

ತಪ್ಪು ಕಲ್ಪನೆ: ಉತ್ತರ ಪುಸ್ತಕದ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು.

ಸತ್ಯ: ಬೇಕಿಲ್ಲ. ಮೊದಲು ವಿಚಾರ ಬರಲಿ, ಮನೆಮಾತಿನಲ್ಲೇ ಬರಲಿ. ಪದವನ್ನು ಆಮೇಲೆ ತಿದ್ದಬಹುದು.

ತಪ್ಪು ಕಲ್ಪನೆ: ಸದ್ದಿಲ್ಲದ ತರಗತಿಯೇ ಶಿಸ್ತಿನ ತರಗತಿ.

ಸತ್ಯ: 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವನ್ನು ಭಯ, ಆತಂಕಗಳಿಂದ ಮುಕ್ತವಾಗಿಡಬೇಕು, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಅಂದರೆ ಮಕ್ಕಳನ್ನು ಮಾತಾಡಿಸುವುದು ಶಿಕ್ಷಕರ ಔದಾರ್ಯವಲ್ಲ, ಕಾನೂನಿನ ನಿರೀಕ್ಷೆ. ಸಿಲಬಸ್ ಮುಗಿಯುವುದಿಲ್ಲ ಎಂಬ ಅಳಲು ಸುಳ್ಳಲ್ಲ. ಆದರೆ ದಿನಕ್ಕೊಂದು ಪೀರಿಯಡ್‌ನಲ್ಲಿ ಹತ್ತು ನಿಮಿಷ ಸಿಗದಷ್ಟು ಬಿಗಿಯಾದ ವೇಳಾಪಟ್ಟಿ ಯಾವ ಶಾಲೆಯಲ್ಲೂ ಇರಲಾರದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲೊಂದು ವಿನಂತಿ: ಶಾಲೆಗೆ ಹೋದಾಗ ಯಾವುದಾದರೂ ಕೊಠಡಿಯಿಂದ ಗಲಾಟೆ ಕೇಳಿಸಿದರೆ, ಹೆಡ್‌ಮಾಸ್ಟರರಿಗೆ ದೂರು ಹೇಳುವ ಮುಂಚೆ ಮಕ್ಕಳು ಯಾವ ವಿಷಯಕ್ಕೆ ವಾದ ಮಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ.