ಗುಂಡಿ ತುಂಬುವ ಮೊದಲೇ

ಅಡುಗೆಮನೆ, ಬಚ್ಚಲು ತಿಕ್ಕಿ ತೊಳೆಯುವ ನಾವು ಹಿತ್ತಲ ಸೆಪ್ಟಿಕ್ ಟ್ಯಾಂಕನ್ನು ಮಾತ್ರ ಮರೆತೇಬಿಡುತ್ತೇವೆ, ಅಲ್ಲವೇ? ಔರಾದ ತಾಲ್ಲೂಕಿನ ಚಿಂತಾಕಿಯ ಕಡೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಬೇಗ ಇಂಗದು. ಸಂಡಾಸು ಕಟ್ಟಿಕೊಂಡ ಮೇಲೆ ಪೇಚಾಡುವುದಕ್ಕಿಂತ ಎರಡು-ಮೂರು ವರ್ಷಕ್ಕೊಮ್ಮೆ, ಮಳೆಗೆ ಮುಂಚೆಯೇ, ಟ್ಯಾಂಕಿನ ಹೂಳು ತೆಗೆಸಿ. ಆ್ಯಸಿಡ್, ಫಿನಾಯಿಲ್ ಧಾರಾಳವಾಗಿ ಸುರಿಯಬೇಡಿ. ಹೊಲಸನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಬಟ್ಟೆ ಚೂರು, ಪ್ಯಾಡು, ಎಣ್ಣೆಜಿಡ್ಡು ಒಳಗೆ ಹೋಗದಿರಲಿ.

ಇನ್ನೊಂದು ಮಾತು. ನಾಲ್ಕು ಕಾಸು ಉಳಿಯುತ್ತದೆಂದು ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ. ಒಳಗಿನ ವಿಷಾನಿಲ ನಿಮಿಷದಲ್ಲಿ ಪ್ರಾಣ ತೆಗೆಯಬಲ್ಲದು. ಎತ್ತಲು ಇಳಿದವನೂ ಉಳಿಯುವುದು ಕಷ್ಟ. ರಕ್ಷಣಾ ಸಾಧನವಿಲ್ಲದೆ ಇಳಿಸಿದರೆ 2013ರ ಕಾಯಿದೆಯಂತೆ 2 ವರ್ಷದವರೆಗೆ ಜೈಲೂ ಉಂಟು. ಪಂಚಾಯಿತಿಯಲ್ಲಿ ವಿಚಾರಿಸಿ, ಹೀರುವ ಯಂತ್ರದ ಗಾಡಿಯನ್ನೇ ಕರೆಸಿ. ಇಳಿಯುವವನ ದಾರಿ ಕಾಯುವ ಹೆಂಗಸೂ ನಮ್ಮಂಥವಳೇ ಅಲ್ಲವೇ?