ಅಟ್ಟದ ಕೊಬ್ಬರಿ, ಆಕ್ಸ್‌ಫರ್ಡಿನ ಓದು

ಮಗಳ ಮದುವೆಯೋ, ಮಗನ ಓದೋ, ಹೊಸ ಬೋರ್‌ವೆಲ್ಲೋ, ದೊಡ್ಡ ಖರ್ಚು ಬಂತೆಂದರೆ ತಿಪಟೂರು ಸೀಮೆಯವರ ಕಣ್ಣು ಮೊದಲು ಹೋಗುವುದು ಅಟ್ಟದ ಕಡೆಗೆ. ಕೆಡವಿದ ಕಾಯಿ ಅಲ್ಲಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರೆಲ್ಲ ಇಂಗಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಟುಕು ಚಿಪ್ಪಿಗೆ ಬಡಿಯುವ ಸದ್ದು ಕೇಳಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಎಪಿಎಂಸಿಗೆ ಸಾಗಿಸುವುದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಇಂಗ್ಲೆಂಡಿನ ಓದಿನ ಮಾತೆತ್ತಿದಾಗಲೂ ಅಪ್ಪ ಅಮ್ಮ ಲೆಕ್ಕ ಹಾಕುವುದು ಇದೇ ಕೊಬ್ಬರಿಯಲ್ಲಿ.

ಆ ಲೆಕ್ಕ ಬಿಡಿಸಿಯೇ ನೋಡೋಣ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಲಂಡನ್ನಿನಾಚೆಯ ಊರುಗಳಿಗೆ ವೀಸಾ ಕೇಳುವವರು ಊಟ, ವಸತಿಗೆ ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳ ಹಣ ತೋರಿಸಬೇಕು. ಅದು 28 ದಿನ ಬ್ಯಾಂಕಿನಲ್ಲಿ ಅಲುಗದೆ ಇರಬೇಕು. ಪೌಂಡಿಗೆ 115 ರೂಪಾಯಿ ಹಿಡಿದರೆ ಹನ್ನೆರಡು ಲಕ್ಷ ದಾಟುತ್ತದೆ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಅಂದರೆ ಊಟ, ವಸತಿಗೇ ನೂರು ಕ್ವಿಂಟಲ್ ಕೊಬ್ಬರಿ, ಫೀಸು ಬೇರೆ. ಆ ವರ್ಷ ಮಾರುಕಟ್ಟೆಯಲ್ಲಿ ಬೆಲೆ 20,000 ದಾಟಿದ್ದು ನಿಜ. 2023ರಲ್ಲಿ ಬೆಂಬಲ ಬೆಲೆಗಿಂತ ಕೆಳಗಿಳಿದು ರೈತರು ಬೀದಿಗಿಳಿದದ್ದೂ ಅಷ್ಟೇ ನಿಜ. ಒಂದು ಒಳ್ಳೆಯ ವರ್ಷವನ್ನು ನಂಬಿ ತೋಟ ಅಡವಿಡಬೇಡಿ.

ಹೋಗುವುದೇ ಬೇಡವೆಂದು ಹೇಳಲಾರೆ. 1096ರ ಹೊತ್ತಿಗೇ ಪಾಠ ನಡೆಯುತ್ತಿದ್ದ ಆಕ್ಸ್‌ಫರ್ಡಿನ ಹೆಚ್ಚುಗಾರಿಕೆ ನನ್ನ ಪಾಲಿಗೆ ಅದರ ಟ್ಯುಟೋರಿಯಲ್. ಪದವಿ ವಿದ್ಯಾರ್ಥಿ ವಾರವಿಡೀ ಓದಿ ಪ್ರಬಂಧ ಬರೆಯುತ್ತಾನೆ. ಆಮೇಲೆ ಒಬ್ಬನೇ, ಇಲ್ಲವೇ ಇನ್ನೊಬ್ಬಿಬ್ಬರೊಂದಿಗೆ, ಮೇಷ್ಟ್ರ ಎದುರು ಕೂತು ತನ್ನ ಮಾತನ್ನು ಸಮರ್ಥಿಸಿಕೊಳ್ಳಬೇಕು. ಅಡಗಿಕೊಳ್ಳಲು ಹಿಂದಿನ ಬೆಂಚೇ ಇಲ್ಲ. 1936ರಲ್ಲಿ ಅಲ್ಲಿಗೆ ಹೋದ ವಿ.ಕೃ. ಗೋಕಾಕರು ಮೊದಲ ದರ್ಜೆಯಲ್ಲಿ ಪಾಸಾಗಿ ಬಂದರು. ಧಾರವಾಡದಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಹೋದ ಗಿರೀಶ ಕಾರ್ನಾಡರು 1963ರಲ್ಲಿ ಅಲ್ಲಿನ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಹಡಗು ಹತ್ತುವ ಮುಂಚಿನ ತಳಮಳದಲ್ಲೇ ಅವರು ‘ಯಯಾತಿ’ ನಾಟಕ ಬರೆದದ್ದು.

ಇನ್ನು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರನ್ನು ನೆನೆಯದೆ ಹೇಗೆ? ಬೆಂಗಳೂರು, ಮದರಾಸಿನಲ್ಲೇ ಓದಿದ ಅವರು ‘ಇಂಗ್ಲಿಷ್ ಗೀತಗಳು’ ಮೂಲಕ ಇಂಗ್ಲಿಷ್ ಕಾವ್ಯವನ್ನು ಕನ್ನಡಿಗರ ಬಾಯಿಗೆ ತಂದರು. ಸಾಲ ಮಾಡಿ ಹೋಗಲಾಗದ ಮಕ್ಕಳಿಗೆ ಕೀಳರಿಮೆ ಬೇಕಿಲ್ಲ.

ಹೋಗಲೇಬೇಕೆಂದು ಗಟ್ಟಿ ಮಾಡಿದವರು ಮೊದಲು ರೋಡ್ಸ್, ಚೀವನಿಂಗ್ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕಲಿ. ಫೀಸು, ಖರ್ಚು ಎರಡನ್ನೂ ಅವು ಭರಿಸುತ್ತವೆ. ಹೊರಡುವ ಒಂದು ವರ್ಷ ಮುಂಚೆಯೇ ತಯಾರಿ ಶುರುವಾಗಬೇಕು. ಒಂದು ವರ್ಷದ ಎಂ.ಎಸ್ಸಿ.ಗೆ ಸೇರುವವರು ಏಜೆಂಟರ ಬಣ್ಣದ ಪುಸ್ತಕ ಬದಿಗಿಟ್ಟು, ತರಗತಿಯಲ್ಲಿ ಎಷ್ಟು ಜನ, ಮೇಷ್ಟ್ರು ವಾರಕ್ಕೆ ಎಷ್ಟು ಹೊತ್ತು ಎದುರು ಕೂರುತ್ತಾರೆ ಎಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಲಿ. ಉತ್ತರ ಕೈಗೆ ಬಂದ ಮೇಲೆ ಫೀಸು ಕಟ್ಟಲಿ.