ಸೋಫಾದ ಹೊದಿಕೆ: ಬಣ್ಣಕ್ಕೆ ಮೊದಲು ನೂಲು, ನೇಯ್ಗೆ, ಹವೆ

ಸೋಫಾ, ದಿವಾನ, ಕುರ್ಚಿಗಳಿಗೆ ಹೊದಿಸುವ ಬಟ್ಟೆಯನ್ನು ಕೊಳ್ಳುವಾಗ ಬಹುತೇಕ ಮನೆಗಳಲ್ಲಿ ಬಣ್ಣದ ತೀರ್ಮಾನವೇ ಮೊದಲು ಆಗುತ್ತದೆಯಾದರೂ, ಆ ಬಟ್ಟೆಯ ಬಾಳಿಕೆಯನ್ನು ನಿರ್ಧರಿಸುವುದು ಅದರ ನೂಲು, ನೇಯ್ಗೆ ಮತ್ತು ಆ ಊರಿನ ಹವೆ. ಉಡುವ ಬಟ್ಟೆಯಂತೆ ಬೇಕಾದಾಗ ಬಿಚ್ಚಿ ಒಗೆಯಲು ಬಾರದ, ಚೌಕಟ್ಟಿಗೆ ಪಿನ್ ಹೊಡೆದು ಬಿಗಿದ ಹೊದಿಕೆಯಲ್ಲಿ ತಪ್ಪು ಆಯ್ಕೆಯನ್ನು ತಿದ್ದುವುದು ದುಬಾರಿಯಾದ್ದರಿಂದ ಈ ಮೂರನ್ನೂ ಮೊದಲೇ ವಿಚಾರಿಸುವುದು ಯುಕ್ತ.

ನೂಲುಗಳ ಮುಖ್ಯ ವ್ಯತ್ಯಾಸವಿರುವುದು ಗಾಳಿಯ ತೇವವನ್ನು ಹೀರುವ ಗುಣದಲ್ಲಿ. ಗಾಳಿಯ ಆರ್ದ್ರತೆ ಶೇ. 65ರಷ್ಟಿರುವಾಗ ಹತ್ತಿ ತನ್ನ ಒಣತೂಕದ ಸುಮಾರು ಶೇ. 7ರಿಂದ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ, ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟನ್ನು ಮಾತ್ರ. ಆದಕಾರಣ ಕಲಬುರಗಿ, ರಾಯಚೂರುಗಳ ಒಣ ಸೆಕೆಯಲ್ಲಿ ಬೆವರನ್ನು ಹೀರಿ ಹಿತ ನೀಡುವ ದಪ್ಪ ಹತ್ತಿಬಟ್ಟೆಯೇ ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಆರದೆ ಬೂಷ್ಟು ಹಿಡಿಯುತ್ತದೆ. ಅಂಥ ಕಡೆಗಳಲ್ಲಿ ಪಾಲಿಯೆಸ್ಟರ್ ಅಥವಾ ಅದರ ಪಾಲು ಹೆಚ್ಚಿರುವ ಮಿಶ್ರನೂಲಿನ ಬಟ್ಟೆ ಹೆಚ್ಚು ಕ್ಷೇಮ.

ಒರೆಸಿದರೆ ಸ್ವಚ್ಛವಾಗುತ್ತದೆಂಬ ಕಾರಣಕ್ಕೆ ಜನಪ್ರಿಯವಾಗಿರುವ ರೆಕ್ಸಿನ್‌ನಲ್ಲಿಯೂ ಎರಡು ಬಗೆಗಳಿವೆ. ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ್ದು ಒರಟಾಗಿದ್ದು ಸೆಕೆಯಲ್ಲಿ ಮೈಗೆ ಅಂಟಿದರೆ, ಪಾಲಿಯುರೆಥೇನ್ ಲೇಪಿಸಿದ್ದು ಚರ್ಮದಂತೆಯೇ ಮೆತ್ತಗಿರುತ್ತದೆ. ಆದರೆ ಎರಡನೆಯದರ ಅಗ್ಗದ ನಮೂನೆಗಳಲ್ಲಿ ಗಾಳಿಯ ತೇವವೇ ಲೇಪದ ಅಣುಬಂಧಗಳನ್ನು ಕ್ರಮೇಣ ಕಡಿಯುತ್ತಾ ಹೋಗುತ್ತದೆ; ಜಲವಿಭಜನೆ ಎನಿಸುವ ಈ ಕ್ರಿಯೆಯಿಂದಾಗಿ ಹೆಚ್ಚು ಬಳಸದ ಸೋಫಾದ ಮೇಲ್ಮೈಯೂ ಕೆಲವೇ ವರ್ಷಗಳಲ್ಲಿ ಬಿರುಕುಬಿಟ್ಟು ಚಕ್ಕೆಚಕ್ಕೆಯಾಗಿ ಏಳುತ್ತದೆ.

ನೇಯ್ಗೆಯ ಗಟ್ಟಿತನವನ್ನು ಅರಿಯಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಉದ್ದದ ಎಳೆಗಳಾದ ಹಾಸು ಮತ್ತು ಅಡ್ಡದ ಎಳೆಗಳಾದ ಹೊಕ್ಕು ಒತ್ತಾಗಿದ್ದಷ್ಟೂ ಬೆಳಕು ಕಡಿಮೆ ತೂರುತ್ತದೆ, ಎಳೆಗಳೂ ಸುಲಭವಾಗಿ ಜರುಗುವುದಿಲ್ಲ. ಬಟ್ಟೆ ಸವೆತವನ್ನು ತಾಳುವ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮಕ್ಕೆ ಮಾರ್ಟಿನ್‌ಡೇಲ್ ಪರೀಕ್ಷೆ ಎಂದು ಹೆಸರು. ಬಟ್ಟೆಯ ತುಂಡನ್ನು ಉಣ್ಣೆಬಟ್ಟೆಗೆ ಉಜ್ಜುತ್ತಾ, ಎಳೆಗಳು ಕಡಿಯುವವರೆಗಿನ ಉಜ್ಜುಗಳನ್ನು ಇದರಲ್ಲಿ ಎಣಿಸಲಾಗುತ್ತದೆ. ಮನೆಯ ಸಾಮಾನ್ಯ ಬಳಕೆಗೆ 15,000ದಿಂದ 25,000, ಮಕ್ಕಳೂ ಅತಿಥಿಗಳೂ ಸದಾ ಕೂರುವ ಸೋಫಾಕ್ಕೆ ಅದಕ್ಕಿಂತ ಹೆಚ್ಚಿನ ಸಂಖ್ಯೆಯಿರಬೇಕೆಂಬುದು ರೂಢಿಯ ಮಾನದಂಡ. ಬೆಕ್ಕು ಸಾಕಿದ ಮನೆಗಳಲ್ಲಿ ಎಳೆಗಳು ಕುಣಿಕೆಯಾಗಿ ಮೇಲೆದ್ದಿರುವ ನೇಯ್ಗೆಗಿಂತ, ಉಗುರು ಸಿಕ್ಕಿಕೊಳ್ಳದ ಒತ್ತುಕುಚ್ಚಿನ ವೆಲ್ವೆಟ್ ಮೇಲು.

ಕಿಟಕಿಯ ಪಕ್ಕದ ಆಸನಕ್ಕೆ ಬಿಸಿಲೂ ಶತ್ರುವೇ. ಬಿಸಿಲಿಗೆ ಬಣ್ಣ ನಿಲ್ಲುವ ಶಕ್ತಿಯನ್ನು, ನೀಲಿ ಬಣ್ಣ ಕಟ್ಟಿದ ಎಂಟು ಬಗೆಯ ಉಣ್ಣೆತುಂಡುಗಳೊಂದಿಗೆ ಹೋಲಿಸಿ 1ರಿಂದ 8ರವರೆಗಿನ ಅಂಕದಲ್ಲಿ ಸೂಚಿಸುವ ಪದ್ಧತಿಯಿದ್ದು, ಇಂಥ ಜಾಗಕ್ಕೆ 5 ಅಥವಾ ಹೆಚ್ಚಿನ ಅಂಕದ ಬಟ್ಟೆಯನ್ನು ಆರಿಸುವುದು ಒಳಿತು.

ಈ ಅಂಕಿಗಳು ಅನೇಕ ವೇಳೆ ಅಂಗಡಿಯ ಸ್ಯಾಂಪಲ್ ಪುಸ್ತಕದ ಹಾಳೆಯ ಹಿಂಬದಿಯಲ್ಲಿಯೇ ಇರುತ್ತವೆ. ನೂಲು ಯಾವುದೆಂದು ಅಲ್ಲಿ ಬರೆದಿಲ್ಲದಿದ್ದಲ್ಲಿ ಅಂಚಿನಿಂದ ತೆಗೆದ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಎಚ್ಚರಿಕೆಯಿಂದ ಸುಟ್ಟು ನೋಡಬಹುದು: ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆದುವಾದ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ದೊಡ್ಡ ಚಿತ್ತಾರವಿರುವ ಬಟ್ಟೆಯಾದರೆ ಒಂದು ಕುಶನ್‌ನಿಂದ ಮತ್ತೊಂದಕ್ಕೆ ಚಿತ್ತಾರ ಕೂಡಿಬರುವಂತೆ ಕತ್ತರಿಸುವಾಗ ಸಾಕಷ್ಟು ಬಟ್ಟೆ ವ್ಯರ್ಥವಾಗುವುದರಿಂದ ಅಳತೆಯನ್ನು ಹೊಲಿಯುವವರಿಂದಲೇ ಕೇಳಿ ತಿಳಿಯಬೇಕು. ಇಷ್ಟೆಲ್ಲ ಪರೀಕ್ಷೆಗಳಲ್ಲಿ ಗೆದ್ದು ಉಳಿದ ನಾಲ್ಕಾರು ಬಟ್ಟೆಗಳ ನಡುವೆ ಮನೆಮಂದಿ ಮೆಚ್ಚಿದ ಬಣ್ಣವನ್ನು ಆರಿಸಿದರೆ, ಆ ಮೆಚ್ಚುಗೆ ಮೊದಲ ಮಳೆಗಾಲದ ನಂತರವೂ ಉಳಿಯುತ್ತದೆ.